ಗುರಿ ತಪ್ಪಿಸಿದವಳು

ಇಂದುಬಾಯಿ ಕವಣೆಯ ಕಲ್ಲು ಬೀಸಿ ಗಂಡನ ನಾಲ್ಕು ಹಲ್ಲು ಉದುರಿಸಿದಾಗ ಅವಳಿಗೆ ಇಪ್ಪತ್ತೆರಡು ವರ್ಷ. ಅಂದಿನಿಂದ ಝಳಕಿಯ ಸುತ್ತಲಿನ ಊರುಗಳಲ್ಲಿ ಅವಳಿಗೆ ‘ಕವಣಿ ಇಂದು’ ಎಂಬ ಹೆಸರೇ ನಿಂತಿತು. ನಾನು ಅವಳನ್ನು ಕಂಡದ್ದು ಅದಾಗಿ ಹದಿನೆಂಟು ವರ್ಷಗಳ ಮೇಲೆ. ನಮ್ಮ ಪರಿಚಯವೂ ಒಂದು ಕಲ್ಲಿನಿಂದಲೇ ಆಯಿತು.

ನಾನು ಕೌಸರ. ತವರು ಮುದ್ದೇಬಿಹಾಳ. ಇಂಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಚಳಿಗಾಲ ಕಳೆಯಲು ಉತ್ತರದ ದೇಶಗಳಿಂದ ಬಂದ ಹಕ್ಕಿಗಳು ಬಿಸಿಲು ಏರುತ್ತಿದ್ದಂತೆ, ಫೆಬ್ರುವರಿಯ ಕೊನೆಯಿಂದ ಏಪ್ರಿಲ್‌ವರೆಗೆ, ನಮ್ಮ ಕೆರೆಗಳಲ್ಲಿ ಗುಂಪುಗೂಡಿ ಮರಳಿ ಹೊರಡುತ್ತವೆ. ಆ ಎರಡು ತಿಂಗಳು ಅವನ್ನು ನೋಡುವುದು, ಎಣಿಸುವುದು ನನ್ನ ಹುಚ್ಚು.

೨೦೧೮ರ ಮಾರ್ಚಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಝಳಕಿಯಿಂದ ಒಳಗಿರುವ ಕರ್ಜಾಳ ಎಂಬ ಹಳ್ಳಿಯ ಹೊಲದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದೂರದರ್ಶಕ ನಿಲ್ಲಿಸಿ, ಕೊಯ್ಯದೆ ಉಳಿದ ಜೋಳದ ಪಟ್ಟಿಯ ಮೇಲೆ ತೇಲುತ್ತಿದ್ದ ಒಂದು ಸೆಳೆವವನ್ನು ಹಿಂಬಾಲಿಸುತ್ತಿದ್ದೆ. ಸೆಳೆವ ಎಂದರೆ ಹುಲ್ಲುಗಾವಲಿನ ಮೇಲೆ ಮೊಣಕಾಲೆತ್ತರಕ್ಕೆ ಹಾರುತ್ತ ಬೇಟೆಯಾಡುವ ಗಿಡುಗದ ಜಾತಿ. ಏನೋ ಸುಂಯ್ ಎಂದಿತು. ಮರುಕ್ಷಣ ದೂರದರ್ಶಕದ ಮುಂದಿನ ಗಾಜು ಸಿಡಿದು ನನ್ನ ಕೆನ್ನೆಗೆ ಚೂರು ಬಡಿಯಿತು. ಸೌದಿಯಲ್ಲಿದ್ದ ನನ್ನ ಅಣ್ಣ ಅಮೀರ ಹೊತ್ತು ತಂದುಕೊಟ್ಟ ದೂರದರ್ಶಕ ಅದು.

ಜೋಳದ ನಡುವಿನ ಅಟ್ಟಣಿಗೆಯಿಂದ ಒಬ್ಬ ಹೆಂಗಸು ಇಳಿದು ಬಂದಳು. ಮೂಗು ಎಡಕ್ಕೆ ಮುರಿದು ಕೂತಿತ್ತು. ಬಲಗೈಗೆ ಪುಂಡಿನಾರಿನ ಕವಣೆ ಸುತ್ತಿಕೊಂಡಿದ್ದಳು.

“ಹೊಲದಾಗ ಅಡಗಿ ಕುಂತು ಏನ ಮಿಂಚಸಾಕತ್ತಿದ್ದಿ? ತೆನಿ ಕಳ್ಳಿ ಏನು ನೀನು?”

ಅವಳು ಹತ್ತಿರ ಬಂದ ಕೂಡಲೇ ನಾನು ಕಪಾಳಕ್ಕೆ ಹೊಡೆದೆ. ಅಲ್ಲಿಯತನಕ ನಾನು ಯಾರಿಗೂ ಕೈ ಎತ್ತಿದವಳಲ್ಲ. ಕೆನ್ನೆಯಿಂದ ರಕ್ತ ಇಳಿಯುತ್ತಿತ್ತು, ಅಳುತ್ತಿದ್ದೆ, ಬೈಯುತ್ತಿದ್ದೆ. ಅವಳು ಕೆನ್ನೆ ಸವರಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕಳು.

“ಕೈ ಭಾರ ಐತಿ ನಿಂದು. ಏನ ನೋಡಾಕತ್ತಿದ್ದಿ ಹೇಳು ಮೊದಲ.”

ನಾನು ಸೆಳೆವ ತೇಲುತ್ತಿದ್ದ ಕಡೆ ಬೆರಳು ತೋರಿಸಿದೆ.

“ಹುಲ್ಲಡ್ಯಾಗಿ?” ಸೆಳೆವಕ್ಕೆ ಅವಳ ಊರಿನ ಹೆಸರು ಅದು. “ಅದೊಂದನ್ನ ನೋಡಾಕ ಇಷ್ಟ ದೂರ ಬಂದಿ? ಸಂಜಿಕ ಅವು ಮಲಗೂ ಜಾಗಾ ತೋರಸ್ತೇನಿ, ಬಾ. ನಿನ್ನ ಕಾಜು ಒಡದದ್ದಕ್ಕ ಅದಽ ದಂಡ.”

ಆ ಸಂಜೆ ಅವಳು ಕರೆದುಕೊಂಡು ಹೋದ ಬೀಳು ಹೊಲದಲ್ಲಿ ಹೊತ್ತು ಮುಳುಗುವ ಮುಂಚಿನ ಅರ್ಧ ಗಂಟೆಯಲ್ಲಿ ಅರವತ್ತೇಳು ಸೆಳೆವಗಳು ಒಂದೊಂದಾಗಿ ಬಂದು ಹುಲ್ಲಿಗೆ ಇಳಿದವು. ನಾನು ಅರವತ್ತೊಂದು ಎಣಿಸಿದ್ದೆ. “ಅರವತ್ತೇಳು,” ಎಂದಳು ಅವಳು. “ಆರು ಆ ಜಾಲಿಗಿಡದ ಹಿಂದ ಇಳದೂವು. ನೀ ಆವಾಗ ಮೂಗು ಒರಸ್ಕೊಳ್ಳಾಕತ್ತಿದ್ದಿ.”

ಅವಳ ಕಥೆಯನ್ನು ಮುಂದಿನ ವರ್ಷಗಳಲ್ಲಿ ಕೆರೆಯ ಒಡ್ಡುಗಳ ಮೇಲೆ ಕೂತು, ಬಸ್ಸುಗಳಲ್ಲಿ ನಿಂತು ಬಿಡಿಬಿಡಿಯಾಗಿ ಕೇಳಿದೆ. ಜೋಡಿಸಿ ಹೇಳುತ್ತೇನೆ.

ಅವಳ ಅಪ್ಪ ಊರವರ ಬೆಳೆ ಕಾಯುವವನು. ಎಂಟು ವರ್ಷಕ್ಕೆ ಮಗಳನ್ನು ಅಟ್ಟಣಿಗೆಗೆ ಹತ್ತಿಸಿ ಕೈಗೆ ಕವಣೆ ಕೊಟ್ಟ. ಹಿಂಗಾರಿ ಜೋಳದ ಕಾಳು ಹಾಲು ತುಂಬಿಕೊಳ್ಳುವ ಹೊತ್ತಿಗೆ ಭೋರಡಿಗಳು ಬರುತ್ತಿದ್ದವು. ಗಡಿ ದಾಟಿ ಬಂದ ಮರಾಠಿ ಹೆಸರು ಅದು. ಪುಸ್ತಕದಲ್ಲಿ ಅದನ್ನು ಗುಲಾಬಿ ಕಬ್ಬಕ್ಕಿ ಎನ್ನುತ್ತೇವೆ. ತಲೆ, ರೆಕ್ಕೆ ಕಪ್ಪು, ಮೈ ತಿಳಿಗುಲಾಬಿ. ಸಾವಿರಗಟ್ಟಲೆ ಒಮ್ಮೆಗೇ ಇಳಿದರೆ ಮುಕ್ಕಾಲು ಗಂಟೆಯಲ್ಲಿ ಒಂದು ಪಟ್ಟಿ ಜೋಳ ಕಾಳಿಲ್ಲದ ಬರೀ ಕಂಕಿಯಾಗುತ್ತದೆ. ಹತ್ತು ತುಂಬುವಷ್ಟರಲ್ಲಿ ಅವಳು ಹಾರುವ ಗುಂಪಿನೊಳಗಿಂದ ಬೇಕಾದ ಒಂದನ್ನು ಹೊಡೆದು ಕೆಡವುತ್ತಿದ್ದಳು.

ಹತ್ತೊಂಬತ್ತಕ್ಕೆ ಸಿದ್ರಾಮನ ಜೊತೆ ಮದುವೆ. ಸೋಲಾಪುರದ ಹೆದ್ದಾರಿಯಲ್ಲಿ ಲಾರಿ ಓಡಿಸುತ್ತಿದ್ದ ಅವನು ಮದುವೆಯ ಎರಡನೇ ವಾರದಲ್ಲೇ ತಾಡಪತ್ರಿ ಕಟ್ಟುವ ಹಗ್ಗದಿಂದ ಅವಳ ಬೆನ್ನು ಹರಿದ. ಆಮೇಲೆ ಮೂಗು ಮುರಿದ. ಎರಡು ಪಕ್ಕೆಲುಬು ಮುರಿದ. ಮೂರನೇ ವರ್ಷ ಹೊಟ್ಟೆಗೆ ಒದ್ದ. “ಐದು ತಿಂಗಳದ್ದು ಹೋತು,” ಎಂದಷ್ಟೇ ಅವಳು ಹೇಳಿದ್ದು. ಆಸ್ಪತ್ರೆಯಿಂದ ಅವನ ಮನೆಗೆ ಹೋಗದೆ ನೇರ ತವರಿಗೆ ನಡೆದಳು. ಹದಿನೈದು ದಿನಕ್ಕೆ ಅಟ್ಟಣಿಗೆ ಹತ್ತಿದಳು.

ಸಿದ್ರಾಮ ಅವಳನ್ನು ಎಳೆದೊಯ್ಯಲು ಹೊಲಕ್ಕೇ ಬಂದ. ಕೈಯಲ್ಲಿ ಲಾರಿಯ ಗಾಲಿ ಬಿಚ್ಚುವ ಕಬ್ಬಿಣದ ಸಲಾಕೆ.

“ಅಲ್ಲೇ ನಿಂದ್ರು,” ಎಂದಳು ಇಂದುಬಾಯಿ ಮೇಲಿನಿಂದ.

“ಇಳೀತೀಯೋ, ಅಟ್ಟಣಿಗಿ ಸಮೇತ ಕೆಡವಲ್ಯೋ?”

“ಎರಡನೇ ಸಲ ಹೇಳಾಕತ್ತೇನಿ. ನಿಂದ್ರು.”

ಅವನು ಇನ್ನೊಂದು ಹೆಜ್ಜೆ ಇಟ್ಟ. ಕಲ್ಲು ಅವನ ತೆರೆದ ಬಾಯಿಗೆ ಹೋಯಿತು. ಮೇಲಿನ ನಾಲ್ಕು ಹಲ್ಲು, ಅರ್ಧ ತುಟಿ. ಅವನು ಸಲಾಕೆ ಬಿಟ್ಟು, ಎರಡೂ ಕೈಯಲ್ಲಿ ಮುಖ ಹಿಡಿದುಕೊಂಡು, ಬಂದ ದಾರಿಯಲ್ಲೇ ಹೋದ. ಇವಳು ಇಳಿದು ಸಲಾಕೆ ಎತ್ತಿಕೊಂಡು ಮನೆಗೆ ತಂದಳು. ಆಮೇಲೆ ಹಿರಿಯರು ಕೂತು ಮಾತಾಡಿ ಸಂಬಂಧ ಹರಿದರು. ಸಿದ್ರಾಮ ಇನ್ನೊಂದು ಮದುವೆಯಾದ. ಆ ಎರಡನೆಯವಳಿಗೆ ಅವನು ಒಮ್ಮೆಯೂ ಕೈ ಎತ್ತಿಲ್ಲವಂತೆ.

ಹಲ್ಲು ಉದುರಿಸಿದ ಸುದ್ದಿ ಚಡಚಣದವರೆಗೆ ಹೋಯಿತು. ಅಲ್ಲಿಯ ದ್ರಾಕ್ಷಿ ಬೆಳೆಗಾರ ಬಸಂತರಾಯ ಆಳು ಕಳಿಸಿ ಅವಳನ್ನು ಕರೆಸಿದ. ದ್ರಾಕ್ಷಿ ಹಣ್ಣಾಗುವುದು, ಭೋರಡಿಗಳು ಹೊರಡುವ ಮುಂಚೆ ಹೊಟ್ಟೆ ಬಿರಿಯ ತಿನ್ನುವುದು, ಎರಡೂ ಒಂದೇ ಕಾಲಕ್ಕೆ. ಕೆಲಸ ಸರಳ: ಬೆಳಗಿನಿಂದ ಹೊಡೆಯುವುದು, ಬಿದ್ದವನ್ನು ಕಾಲು ಕಟ್ಟಿ ತಂತಿಗೆ ತೂಗುಹಾಕುವುದು. ಸತ್ತವನ್ನು ನೋಡಿ ಬದುಕಿದವು ಹೆದರಲಿ ಎಂದು. ದಿನಕ್ಕೆ ನಲವತ್ತು, ಐವತ್ತು. ರೆಕ್ಕೆ ಮುರಿದು ಬಿದ್ದದ್ದರ ಕತ್ತನ್ನು ಹೆಬ್ಬೆರಳಿನಿಂದ ಮುರಿಯುತ್ತಿದ್ದಳು. ಹತ್ತೊಂಬತ್ತು ಹಂಗಾಮು ಹೀಗೇ ನಡೆಯಿತು.

ಕೊಲ್ಲುತ್ತಲೇ ಅವಳು ಕಲಿತದ್ದು ನನ್ನ ಪುಸ್ತಕಗಳಲ್ಲಿ ಇರಲಿಲ್ಲ. ಜನವರಿಯಲ್ಲಿ ಸುಲಿದ ಹಕ್ಕಿಯ ಚರ್ಮದ ಕೆಳಗೆ ಬರೀ ಕೆಂಪು ಮಾಂಸ. ಮಾರ್ಚ್ ಮಧ್ಯದಲ್ಲಿ ಕೊರಳ ಗುಣಿಯಲ್ಲಿ ಹಳದಿ ಕೊಬ್ಬು ಕಾಣಿಸಿಕೊಳ್ಳುತ್ತದೆ. ಅದು ಎದೆಯತನಕ ಹಬ್ಬಿತು ಎಂದರೆ ಏಳೆಂಟು ದಿನ, ಅಷ್ಟೇ. “ಚರಬಿ ಎದಿಗೆ ಇಳೀತಂದ್ರ ಹೊಂಟೂವು ಅಂತ ತಿಳಕೋರಿ, ಅಕ್ಕೋರ. ಮೂಡಗಾಳಿ ನಿಂತ ಮುಂಜಾನಿ ಒಂದೂ ಇರೂದಿಲ್ಲ.” ಆ ಹೊತ್ತಿಗೆ ನಮ್ಮ ನಡುವೆ ಕಪಾಳದ ಬಾಕಿ ತೀರಿ, ನಾನು ಅವಳಿಗೆ ಅಕ್ಕೋರು ಆಗಿದ್ದೆ. ಉತ್ತರ ಕರ್ನಾಟಕದಲ್ಲಿ ಶಾಲೆ ಕಲಿಸುವ ಹೆಂಗಸರಿಗೆ ಹಾಗೆ ಕರೆಯುತ್ತೇವೆ.

ಒಂದು ಭಾನುವಾರ ನನ್ನ ಕೈದುರ್ಬೀನು ಅವಳಿಗೆ ಕೊಟ್ಟೆ. ಕರ್ಜಾಳದ ಕೆರೆಯಂಚಿನ ಹೊಂಗೆಯಲ್ಲಿ ಒಂದು ಗಂಡು ಭೋರಡಿ ಜುಟ್ಟು ಬಿಚ್ಚಿ ಕೂಗುತ್ತಿತ್ತು. ಅವಳು ಬಹಳ ಹೊತ್ತು ನೋಡಿದಳು. ದುರ್ಬೀನು ಕೆಳಗಿಳಿಸಿದಾಗ ಮುಖ ಬಿಗಿದಿತ್ತು.

“ಏನಾತು?”

“ಏನಿಲ್ಲ. ಅದು ಕಣ್ಣು ಪಿಳಕಸ್ತೈತಿ.” ದುರ್ಬೀನನ್ನು ನನ್ನ ಕೈಗೆ ಕೊಟ್ಟು, “ಆರಾಮ ಕುಂತ ಹಕ್ಕೀನ ಇಷ್ಟ ಹತ್ರ ನೋಡೇ ಇದ್ದಿಲ್ಲ ನಾ. ನನ್ನ ಹತ್ರ ಬಂದದ್ದೆಲ್ಲ ಸತ್ತಽ ಇಲ್ಲಾ ಸಾಯಾಕಽ ಬರ್ತಿತ್ತು,” ಎಂದಳು.

ಇದರಿಂದ ಅವಳು ಆ ದಿನವೇ ಕವಣೆ ಬಿಟ್ಟಳು ಎಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆಯ ಕೆಲಸ ಅದು. ವಾರವೆಲ್ಲ ಬಸಂತರಾಯನ ತೋಟದಲ್ಲಿ ಹಕ್ಕಿ ಕೆಡವಿ, ಭಾನುವಾರ ನನ್ನ ಸ್ಕೂಟಿಯ ಹಿಂದೆ ಕೂತು ಹಕ್ಕಿ ಎಣಿಸಲು ಬರುತ್ತಿದ್ದಳು. ಇಂಡಿಯ ಕೆರೆಗಳಾದ ಮೇಲೆ ಸಿಂದಗಿ, ಅಲ್ಲಿಂದ ಬಸ್ಸು ಹಿಡಿದು ಬಸವನ ಬಾಗೇವಾಡಿ, ಕೊನೆಗೆ ಮುದ್ದೇಬಿಹಾಳ. ಅಲ್ಲಿ ಪೇಟೆಯ ಹಿಂದಿನ ಉದ್ಯಾನದ ಆಲದ ಮರಕ್ಕೆ ಸಂಜೆ ಸಾವಿರಾರು ಭೋರಡಿಗಳು ಇಳಿಯುತ್ತವೆ. ಬೆಂಚಿನ ಮೇಲೆ ಕೂತು, ಹುಣಸೆಬೀಜ ತುಂಬಿದ ಡಬ್ಬಿ ಮಡಿಲಲ್ಲಿಟ್ಟುಕೊಂಡು, ನೂರು ಹಕ್ಕಿಗೊಂದು ಬೀಜ ತೆಗೆದಿಡುತ್ತಿದ್ದಳು. ನನ್ನ ಅಮ್ಮ ಸಗೀರಾಗೆ ಅವಳೆಂದರೆ ಪ್ರಾಣ. “ಈಕಿ ಉಂಡಂಗ ಉಂಡ್ರ ಮಾಡಿದ ಕೈಗೂ ಹೊಟ್ಟಿ ತುಂಬತೈತಿ,” ಎನ್ನುತ್ತಿದ್ದಳು.

ಹೀಗೆ ಎರಡು ವರ್ಷ ಕಳೆಯಿತು. ಮೂರನೆಯ ಹಂಗಾಮಿಗೆ ಬಸಂತರಾಯನ ತಂತಿಯಲ್ಲಿ ತೂಗುವ ಹಕ್ಕಿಗಳು ಕಡಿಮೆಯಾದವು. ಮೊದಲು ಮೂವತ್ತು, ಆಮೇಲೆ ಹತ್ತು. ಒಂದು ದಿನ ಎರಡೇ. ಅವನು ಕೊಡೆ ಹಿಡಿದುಕೊಂಡು ಅಟ್ಟಣಿಗೆಯ ಬುಡಕ್ಕೆ ಬಂದ.

“ಕಣ್ಣ ಮಂದ ಆದೂವೇನ, ಇಂದೂ? ಗುರಿ ತಪ್ಪಾಕತ್ತೇತಲ್ಲ?”

“ತಪ್ಪಾಕತ್ತಿಲ್ರಿ. ತಪ್ಪಸಾಕತ್ತೇನಿ.”

ಅವನು ಅವಳ ಕಾಲು ಹಿಡಿದು ಕೆಳಗೆಳೆದು ಕೊಡೆಯಿಂದ ಬಾರಿಸಿದ. ಭುಜಕ್ಕೆ, ಕಿವಿಗೆ, ಕೊಡೆಯ ಕಡ್ಡಿ ಬಾಗುವವರೆಗೆ. ಅವಳು ಏಟು ತಿಂದು, ಎದ್ದು, ಇಪ್ಪತ್ತು ಹೆಜ್ಜೆ ದೂರ ಹೋಗಿ ತಿರುಗಿ ನಿಂತಳು. ಮೂರು ಕಲ್ಲು. ಅವನ ಹೊಸ ಬೈಕಿನ ಎರಡು ಕನ್ನಡಿ, ಒಂದು ದೀಪ. ನಾಲ್ಕನೆಯ ಕಲ್ಲನ್ನು ಕವಣೆಗೆ ಹಾಕಿ ಅವನ ಹಣೆಯನ್ನೇ ನೋಡುತ್ತ ನಿಂತಳಂತೆ. ಅವನು ಮೆಲ್ಲಗೆ ನೆಲಕ್ಕೆ ಕೂತ. ಆ ಕಲ್ಲನ್ನು ಅವಳು ಬಿಸಾಡಿ ನಡೆದುಬಿಟ್ಟಳು. ಅಲ್ಲಿಗೆ ದ್ರಾಕ್ಷಿ ತೋಟಗಳ ಕೆಲಸ ಮುಗಿಯಿತು. ಕಬ್ಬು ಕಡಿಯುವ ಗುಂಪಿಗೆ ಸೇರಿಕೊಂಡಳು. ದಿನಾ ಬೆಳಗು ಕರ್ಜಾಳದ ಕೆರೆಗೆ ಹೋಗಿ, ಯಾವ ಹಕ್ಕಿ ಎಷ್ಟು ಎಂದು ನನಗೆ ಫೋನು ಮಾಡಿ ಹೇಳಿ, ಆಮೇಲೆ ಕಬ್ಬಿಗೆ ಹೋಗುತ್ತಿದ್ದಳು.

೨೦೨೩ರ ಮಾರ್ಚಿನಲ್ಲಿ ಆ ಕೆರೆಯಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ನೂರಾ ಮೂವತ್ತು ಇದ್ದವು. ಹಿಮಾಲಯವನ್ನೇ ದಾಟಿ ಹೋಗುವ ಹಕ್ಕಿಗಳು. ಜೊತೆಗೆ ಸೂಜಿಬಾಲದ ಬಾತುಗಳು ಸಾವಿರದಷ್ಟು. ಇನ್ನೊಂದು ವಾರ, ಹತ್ತು ದಿನ, ಎಲ್ಲ ಹೊರಡುವುದರಲ್ಲಿದ್ದವು. ಮಂಗಳವಾರ ಬೆಳಿಗ್ಗೆ ಏಳೂವರೆಗೆ ಫೋನು ಬಂತು.

“ಅಕ್ಕೋರ, ಬರ್ರಿ. ಕೆರಿ ತುಂಬ ಒದ್ದಾಡಾಕತ್ತಾವ.” ಮುಂದೆ ಏನೋ ಹೇಳಹೊರಟಳು. ಗಂಡಸಿನ ಕೂಗು ಕೇಳಿತು. ಫೋನು ನಿಂತಿತು.

ನಾನು ಆ ಕಡೆ ಮುಟ್ಟಲು ಒಂದೂವರೆ ಗಂಟೆ ಹಿಡಿಯಿತು. ಆ ಬೆಳಗು ನಡೆದದ್ದನ್ನು ಆಮೇಲೆ ಅವಳೇ ಹೇಳಿದ್ದು ಹೀಗೆ.

ಯಾರೋ ಹಿಂದಿನ ಸಂಜೆ ಕೆರೆಯ ಕೆಸರಂಚಿಗೆ ಜೋಳ ಚೆಲ್ಲಿದ್ದರು. ಕಬ್ಬಿನ ಬುಡಕ್ಕೆ ಹಾಕುವ ವಿಷದ ಹರಳನ್ನು ನೀರಲ್ಲಿ ಕರಗಿಸಿ ನೆನೆಸಿದ ಜೋಳ. ಬೆಳಕು ಹರಿಯುವಾಗ ಮೇಯಲು ಬಂದ ಬಾತುಗಳು ಕೆಸರಲ್ಲಿ ಬೆನ್ನಡಿಯಾಗಿ ಕಾಲು ಬಡಿಯುತ್ತಿದ್ದವು. ಕೊಕ್ಕಿನಿಂದ ನೊರೆ. ಹೆಬ್ಬಾತುಗಳು ಉದ್ದ ಕತ್ತನ್ನು ಹಿಂದಕ್ಕೆ ಮಡಚಿಕೊಂಡು ಗಿರಗಿರ ತಿರುಗಿ ಬೀಳುತ್ತಿದ್ದವು. ಒಂದು ಹೆಬ್ಬಾತು ಸತ್ತ ಜೋಡಿಯ ಪಕ್ಕ ನಿಂತು ಕೂಗುತ್ತ ಅದೇ ಕಾಳನ್ನು ಹೆಕ್ಕುತ್ತಿತ್ತು. ಇಂದುಬಾಯಿ ನೀರಿಗೆ ಕಲ್ಲು ಬೀಸಿ ಬದುಕಿದ್ದವನ್ನು ಎಬ್ಬಿಸಿ ಓಡಿಸಿದಳು. ಆಮೇಲೆ ಮೊಣಕಾಲುದ್ದ ಕೆಸರಿಗೆ ಇಳಿದು, ಒದ್ದಾಡುತ್ತಿದ್ದವನ್ನು ಒಂದೊಂದಾಗಿ ಹಿಡಿದು ಕತ್ತು ಮುರಿಯತೊಡಗಿದಳು. ನಲವತ್ತನಾಲ್ಕು. “ಹತ್ತೊಂಬತ್ತು ವರ್ಷ ಮುರದೇನಿ ಅಕ್ಕೋರ, ಒಂದಽ ಸಲಕ್ಕ ಮುರೀತಿತ್ತು. ಅವತ್ತ ಹಿಡತನಽ ಸಿಗವಲ್ದು.”

ಕೆಸರಲ್ಲೇ ನಿಂತು ನನಗೆ ಫೋನು ಮಾಡುವಾಗ ಧರೆಪ್ಪ ಬಂದ. ಹೆದ್ದಾರಿಯ ಬದಿಯ ಒಂದು ಢಾಬಾಕ್ಕೆ ಕದ್ದು ಕಾಡುಹಕ್ಕಿ ಮಾಂಸ ಪೂರೈಸುತ್ತಿದ್ದ ಮೂವತ್ತರ ಗಂಡಸು. ಜೊತೆಗೆ ಇಬ್ಬರು, ಕೈಯಲ್ಲಿ ಗೋಣಿಚೀಲ.

“ಏ ಕವಣಿ, ನಮ್ಮ ಹಕ್ಕಿ ಮುಟ್ಟಬ್ಯಾಡ. ಮ್ಯಾಲ ಬಾ.”

“ವಿಷಾ ಹಾಕಿ ಕೊಂದದ್ದನ್ನ ಮಂದಿಗೆ ತಿನಸ್ತೀಯೇನೋ?”

“ಕರಳ ತಗದ್ರ ಏನೂ ಆಗೂದಿಲ್ಲ. ನಿಂಗ್ಯಾಕ ಬೇಕು?”

ಅವಳು ಕವಣೆ ಬೀಸಿದಳು. ಕಲ್ಲು ಧರೆಪ್ಪನ ಮೊಣಕಾಲ ಚಿಪ್ಪಿಗೆ ಬಿದ್ದು ಅವನು ಕುಸಿದ. ಎರಡನೆಯದು ಒಬ್ಬನ ಭುಜಕ್ಕೆ. ಮೂರನೆಯದನ್ನು ತುಂಬುವಷ್ಟರಲ್ಲಿ ಕೆಸರು ಅವಳ ಕಾಲು ಹಿಡಿದಿತ್ತು. ಇಬ್ಬರೂ ಅವಳನ್ನು ಒಡ್ಡಿಗೆ ಎಳೆದು ತಂದು ಮಲಗಿಸಿ, ಬಲಗೈಯನ್ನು ಒಂದು ಕಲ್ಲಿನ ಮೇಲೆ ಚಾಚಿ ಹಿಡಿದರು. ಧರೆಪ್ಪ ಕುಂಟುತ್ತ ಬಂದು ಇನ್ನೊಂದು ಕಲ್ಲು ಎತ್ತಿ ಆ ಕೈಯ ಮೇಲೆ ಹಾಕಿದ. ಮೊಣಕೈಯ ಮೇಲೊಮ್ಮೆ, ಕೆಳಗೆ ಎರಡು ಸಲ. “ಇನ್ನ ಬೀಸು,” ಎಂದ. ಫೋನು ನೀರಿಗೆ ಎಸೆದರು. ಎರಡು ಚೀಲ ತುಂಬಿಕೊಂಡು ಬೈಕು ಹತ್ತಿದರು.

ಅವಳಿಗೆ ಎಚ್ಚರ ತಪ್ಪಲಿಲ್ಲ. ತಪ್ಪಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಹೇಳುತ್ತಿದ್ದಳು. ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ರಸ್ತೆಗೆ ಬಂದಳು. ಮೇವಿನ ಟ್ರ್ಯಾಕ್ಟರಿನವನೊಬ್ಬ ಅವಳನ್ನು ನೋಡಿ ಆಸ್ಪತ್ರೆಗೆ ಬಿಡುತ್ತೇನೆ ಎಂದ. “ಮೊದಲ ಢಾಬಾಕ್ಕ ಬಿಡು,” ಎಂದಳು.

ಢಾಬಾದ ಮುಂದೆ ಏಳೆಂಟು ಲಾರಿ ನಿಂತಿದ್ದವು. ಹಿತ್ತಲಲ್ಲಿ ಹಕ್ಕಿ ಸುಲಿದು, ಕರುಳು ಎಸೆದು, ಮೊದಲ ದೊಡ್ಡ ಪಾತ್ರೆ ಒಲೆಯ ಮೇಲೇರಿತ್ತು. ಇಂದುಬಾಯಿ ಹಿಂಬಾಗಿಲಿನಿಂದ ನುಗ್ಗಿ ಎಡಗಾಲಲ್ಲಿ ಪಾತ್ರೆಯನ್ನು ಒದ್ದಳು. ಕುದಿಯುವ ಸಾರು ಅವಳ ಪಾದಕ್ಕೂ ಅಡಿಗೆಯವನ ತೊಡೆಗೂ ಚೆಲ್ಲಿತು. ಅವನು ಚೀರಿದ. ಮಾಲೀಕ ಸೌದೆ ತೆಗೆದುಕೊಂಡು ಅವಳ ಬೆನ್ನಿಗೆ ಹೊಡೆದ. ಲಾರಿಯವರು ಓಡಿ ಬಂದರು. ಹುಚ್ಚಿ, ಕಳ್ಳಿ ಎಂದು ಯಾರೋ ಕೂಗಿದ್ದೇ ತಡ, ನಾಲ್ಕು ಕಡೆಯಿಂದ ಏಟು ಬೀಳತೊಡಗಿದವು. ಅವಳು ಒಂದೇ ಮಾತು ಹೇಳುತ್ತಿದ್ದಳಂತೆ: “ನಾಯಿ ನೋಡ್ರಿ. ನಾಯಿ ನೋಡ್ರಿ.”

ಹಿತ್ತಲಲ್ಲಿ ಕರುಳು ತಿಂದ ಎರಡು ನಾಯಿಗಳು ಬಿದ್ದಿದ್ದವು. ಒಂದು ಆಗಲೇ ಸೆಟೆದಿತ್ತು. ಇನ್ನೊಂದು ಮಣ್ಣು ಕಚ್ಚುತ್ತ, ಬಾಯಿತುಂಬ ನೊರೆ ಕಾರುತ್ತ ಹೊರಳುತ್ತಿತ್ತು. ಒಬ್ಬ ಚಾಲಕ ಅದನ್ನು ನೋಡಿದ. ತಟ್ಟೆ ಹಿಡಿದು ಕಾಯುತ್ತಿದ್ದ ತನ್ನ ಜೊತೆಯವನನ್ನು ನೋಡಿದ. ಮಾತು ಬಾಯಿಂದ ಬಾಯಿಗೆ ಹೋಯಿತು. ಏಟುಗಳು ಅವಳನ್ನು ಬಿಟ್ಟು ಅಲ್ಲೇ ಇದ್ದ ಧರೆಪ್ಪನ ಕಡೆ ತಿರುಗಿದವು; ಅವನ ಜೊತೆಯ ಇಬ್ಬರು ಬೈಕು ಹತ್ತಿ ಓಡಿದರು.

ಕೆರೆಗೆ ಹೊರಟಿದ್ದ ನಾನು ಗುಂಪು ಕಂಡು ಸ್ಕೂಟಿ ನಿಲ್ಲಿಸಿದ್ದು ಆಗ. ಹೆದ್ದಾರಿಯ ಅಂಚಿನಲ್ಲಿ ಇಪ್ಪತ್ತು ಜನ ಒಬ್ಬನನ್ನು ತುಳಿಯುತ್ತಿದ್ದರು. ಪಕ್ಕದಲ್ಲಿ ಚೀಲ ಹರಿದು ಹೆಬ್ಬಾತುಗಳು ಚೆಲ್ಲಿದ್ದವು. ಗೋಡೆಗೊರಗಿ ಇಂದುಬಾಯಿ ಕೂತಿದ್ದಳು. ಅವಳ ಕೈ ಬಾಗಬಾರದ ಕಡೆ ಬಾಗಿತ್ತು. ಒಂದು ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು.

“ಯಾರು ಮಾಡಿದ್ರು?” ಎಂದೆ.

ಅವಳು ಗಲ್ಲದಿಂದ ಗುಂಪಿನ ಕಡೆ ತೋರಿಸಿದಳು.

ಮುಂದಿನದನ್ನು ಬರೆಯುವುದು ಕಷ್ಟ. ನಾನು ಗುಂಪಿನೊಳಗೆ ನುಗ್ಗಿದೆ. ಬಿಡಿಸಲು ಅಲ್ಲ. ನೆಲಕ್ಕೆ ಬಿದ್ದವನ ಪಕ್ಕೆಗೆ ನಾನೂ ಒಮ್ಮೆ ಒದ್ದೆ. ಚಪ್ಪಲಿಯ ಕೆಳಗೆ ಏನೋ ಮೆತ್ತಗೆ ಸರಿದದ್ದು ತಿಳಿಯಿತು. ಹುಡುಗಿಯರಿಗೆ ಕಪ್ಪೆಯ ಎದೆಗೂಡು ಬಿಡಿಸಿ ತೋರಿಸುವ ಕಾಲೇಜಿನ ಮೇಡಂ ನಾನು. ಇನ್ನೊಂದು ಸಲ ಕಾಲೆತ್ತುವಾಗ ಹಿಂದಿನಿಂದ ಅವಳ ದನಿ ಕೇಳಿತು.

“ಅಕ್ಕೋರ, ನೀವೂನಾ?”

ತಿರುಗಿದೆ. ಅವಳು ಎದ್ದು ನಿಂತಿದ್ದಳು. ಸುಟ್ಟ ಕಾಲು ಎಳೆಯುತ್ತ ಗುಂಪಿನೊಳಗೆ ಬಂದಳು. ಧರೆಪ್ಪನ ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು, ಬಾಯಿ ತೆರೆದು ತೆರೆದು ಮುಚ್ಚುತ್ತಿತ್ತು. ಅವನ ಎದೆಗೆ ಅಡ್ಡಲಾಗಿ ಕೂತುಬಿಟ್ಟಳು. ಎತ್ತಿದ್ದ ಒಂದು ಕೋಲು ಇಳಿಯುವುದನ್ನು ನಿಲ್ಲಿಸಲಾಗದೆ ಅವಳ ತಲೆಗೇ ಬಿತ್ತು. ಹಣೆ ಒಡೆಯಿತು. ಅವಳು ಅಲುಗಲಿಲ್ಲ.

“ಸಾಕ ಮಾಡ್ರಿ. ಸಾಯ್ತಾನ,” ಎಂದಳು. “ಸತ್ರ ಕೈ ಯಾಂವ ಕಟ್ಟಸ್ತಾನ ನನಗ?”

ಯಾರೋ ನಕ್ಕರು. ಆ ನಗುವಿನಿಂದಲೇ ಗುಂಪು ಸಡಿಲವಾಯಿತು.

ಒಂದೇ ಆಂಬುಲೆನ್ಸಿನಲ್ಲಿ ಇಬ್ಬರನ್ನೂ ಒಯ್ದರು. ನಾನು ನಡುವೆ ಕೂತಿದ್ದೆ. ದಾರಿಯಲ್ಲಿ ಇಂದುಬಾಯಿ ನನ್ನ ಕಿವಿಗೆ ಹೇಳಿದಳು: “ಸುಳ್ಳ ಯಾಕ ಹೇಳ್ಲಿ. ಮೊದಲಿನ ನಾಕೈದು ಏಟು ಬೀಳೂ ಮುಂದ ನನಗ ಹಿತ ಆಗಾಕತ್ತಿತ್ತು. ಆಮ್ಯಾಲ ಆಂವ ಬಾಯಿ ತಗದು ತಗದು ಮುಚ್ಚಿದ್ದ ನೋಡಿ ನನಗ ತಡೀಲಿಲ್ಲ.”

ಕೆರೆಯಿಂದಲೂ ಚೀಲಗಳಿಂದಲೂ ಸಿಕ್ಕ ಸತ್ತ ಹಕ್ಕಿಗಳು ಇನ್ನೂರ ಹನ್ನೆರಡು. ಗುಂಡಿ ತೋಡಿ ಸುಣ್ಣ ಹಾಕಿ ಹೂಳಿದರು. ಕೇಸು ಆಯಿತು, ಇನ್ನೂ ನಡೆಯುತ್ತಿದೆ. ಧರೆಪ್ಪನ ಎಡಗಣ್ಣು ಹೋಯಿತು, ಗುಲ್ಮ ತೆಗೆದರು. ಎಂಟು ತಿಂಗಳ ಮೇಲೆ ಜಾಮೀನಿನಲ್ಲಿ ಹೊರಬಂದ. ಅವನನ್ನು ತುಳಿದವರ ಮೇಲೆ ಯಾವ ಕೇಸೂ ಆಗಲಿಲ್ಲ. ನನ್ನ ಮೇಲೂ ಆಗಲಿಲ್ಲ. ನಾನು ಒದ್ದದ್ದನ್ನು ಹೇಳಿಕೆಯಲ್ಲಿ ಬರೆಸಲು ಹೋದಾಗ ಬರೆದುಕೊಳ್ಳುವವನು ಪೆನ್ನು ಎತ್ತಿ ನನ್ನ ಮುಖ ನೋಡಿ, “ಬಿಡ್ರಿ ಮೇಡಮ್,” ಎಂದ. ನಾನು ಬಿಟ್ಟೆ. ಅದು ಈಗಲೂ ನನ್ನನ್ನು ಬಿಟ್ಟಿಲ್ಲ. ಆ ವರ್ಷ ಕಪ್ಪೆಯ ಪಾಠವನ್ನು ಬೇರೆಯವರಿಗೆ ಒಪ್ಪಿಸಿದೆ.

ಇಂದುಬಾಯಿಯ ಕೈಗೆ ಎರಡು ತಗಡು, ಒಂಬತ್ತು ಮೊಳೆ. ಭುಜಕ್ಕಿಂತ ಮೇಲೆ ಅದು ಏಳುವುದಿಲ್ಲ. ಕಬ್ಬು ಕಡಿಯುವುದು ಆಗದು. ನಾಲ್ಕು ತಿಂಗಳು ಮುದ್ದೇಬಿಹಾಳದಲ್ಲಿ ನನ್ನ ಅಮ್ಮನ ಹತ್ತಿರ ಇದ್ದಳು. ಮೊದಮೊದಲು ಎಡಗೈಯಲ್ಲಿ ರೊಟ್ಟಿ ಮುರಿಯಲು ಬಾರದೆ ತಟ್ಟೆಯನ್ನು ಗೋಡೆಗೆ ಎಸೆದದ್ದೂ ಉಂಟು. ಅಮ್ಮ ಚೂರುಗಳನ್ನು ಗುಡಿಸಿ ಇನ್ನೊಂದು ತಟ್ಟೆ ಇಟ್ಟಳು. ಆಮೇಲೆ ಕರ್ಜಾಳಕ್ಕೆ ಮರಳಿ ಒಂದು ಸಣ್ಣ ಅಂಗಡಿ ಹಾಕಿದಳು: ಎಲೆ, ಅಡಿಕೆ, ಬಿಸ್ಕೀಟು. ಬೆಳಿಗ್ಗೆ ಅಂಗಡಿ ತೆರೆಯುವುದು ಕೆರೆಗೆ ಹೋಗಿ ಬಂದ ಮೇಲೆಯೇ.

ನನ್ನ ಎಣಿಕೆಯ ಪುಸ್ತಕದಲ್ಲಿ ಅವಳು ಒಂದು ಹೊಸ ಸಾಲು ಹಾಕಿಸಿದಳು. ಸತ್ತವು.

“ಸತ್ತವನ್ನ ಯಾಕ ಬರೀಬೇಕು?” ಎಂದು ಕೇಳಿದ್ದೆ.

“ಬಂದಿದ್ದೂವಲ್ಲ,” ಎಂದಳು.

ಈ ವರ್ಷ, ೨೦೨೫ರ ಮಾರ್ಚ್ ಕೊನೆಯ ವಾರ, ನಾವಿಬ್ಬರೂ ಒಡ್ಡಿನ ಮೇಲಿದ್ದೆವು. ಹೆಬ್ಬಾತುಗಳು ಹತ್ತೊಂಬತ್ತೇ ಬಂದಿದ್ದವು, ಅವೂ ಹೋಗಿಯಾಗಿತ್ತು. ಯಾರೋ ಕುಂಟುತ್ತ ಬರುವ ಸದ್ದಾಯಿತು. ಧರೆಪ್ಪ. ಎರಡು ವರ್ಷದಲ್ಲಿ ಇಪ್ಪತ್ತು ವರ್ಷ ಮುದಿಯಾಗಿದ್ದ. ನನಗೆ ಎದ್ದು ಓಡಬೇಕೆನಿಸಿತು. ಇಂದುಬಾಯಿ ಎಡಗೈಯಲ್ಲಿ ಒಂದು ಕಲ್ಲು ಎತ್ತಿಕೊಂಡಳು.

ಅವನು ಹತ್ತು ಮಾರು ದೂರದಲ್ಲೇ ನಿಂತ. “ಆ ಕಬ್ಬಿನ ಆಚೀಕ ಬಲಿ ಕಟ್ಟ್ಯಾರ,” ಎಂದ. “ಭೋರಡಿಗೆ. ನಾ ಕಟ್ಟಿಲ್ಲ.”

“ಯಾರು ಕಟ್ಟ್ಯಾರ?”

“ನನ್ನ ಸಂಗಾಟ ಇದ್ದವರು.”

ಅವಳು ಅವನನ್ನು ಮುಂದೆ ನಡೆಯಬಿಟ್ಟಳು. ಕಲ್ಲು ಕೈಯಲ್ಲೇ ಇತ್ತು. ಕಬ್ಬಿನ ಆಚೆ ಎರಡು ಬಿದಿರಿನ ನಡುವೆ ಕಾಣಿಸದಷ್ಟು ತೆಳುವಾದ ಬಲೆ, ಮೂವತ್ತು ಮಾರು ಉದ್ದ. ಹಕ್ಕಿಗಳು ತಲೆಕೆಳಗಾಗಿ ಸಿಕ್ಕಿಕೊಂಡು ಕಿರುಚುತ್ತಿದ್ದವು. ಕೆಲವು ನೂಲಿಗೆ ರೆಕ್ಕೆ ಕೊಯ್ದುಕೊಂಡು ಸತ್ತಿದ್ದವು. ನಾನು ಕತ್ತರಿಯಿಂದ ನೂಲು ಕತ್ತರಿಸಿದೆ. ಇಂದುಬಾಯಿ ಎಡಗೈಯಲ್ಲಿ ಒಂದೊಂದನ್ನು ಹಿಡಿದು ಬಿಡಿಸಿದಳು. ಧರೆಪ್ಪ ಬಿದಿರು ಬಾಗಿಸಿ ಹಿಡಿದುಕೊಂಡು ನಿಂತ. ಒಂದು ಗಂಡು ಭೋರಡಿ ಅವಳ ಹೆಬ್ಬೆರಳನ್ನು ಕಚ್ಚಿ ಬಿಡಲೊಲ್ಲದು. ರಕ್ತ ಮಣಿಕಟ್ಟಿನವರೆಗೆ ಇಳಿಯಿತು. ಬೈಯುತ್ತಲೇ ಅದರ ಕಾಲಿನ ಕೊನೆಯ ಎಳೆ ಬಿಡಿಸಿ ಹಾರಿಬಿಟ್ಟಳು. ಮೂವತ್ತೊಂದು ಹಾರಿದವು. ಒಂಬತ್ತು ಸತ್ತಿದ್ದವು. ಎರಡನ್ನೂ ಬರೆದೆ.

ಧರೆಪ್ಪ ಹೊರಟಾಗ ನಾನು ಏನೋ ಹೇಳಲು ಬಾಯಿ ತೆರೆದೆ. ನಾನು ಒದ್ದ ಪಕ್ಕೆ ಅವನದು. ಅಷ್ಟರಲ್ಲಿ ಇಂದುಬಾಯಿ ಕೇಳಿದಳು:

“ನಾಳಿಗೆ ಬರ್ತೀ ಏನು?”

ಅವನು ಕುಂಟುತ್ತ ಹೋದ. ಮರುದಿನ ಬರಲಿಲ್ಲ. ಅದರ ಮರುದಿನ ಬಂದ. ಕಬ್ಬಿನ ಕೆಲಸಕ್ಕೆಂದು ಹೊರಟವನು, ಕೈಯಲ್ಲಿ ಕುಡಗೋಲಿತ್ತು. ಇಂದುಬಾಯಿ ಕೂತಲ್ಲಿಂದ ಏಳಲಿಲ್ಲ.

“ಅದನ್ನ ಅಲ್ಲೇ ಇಟ್ಟು ಬಾ,” ಎಂದಳು.

ಅವನು ಕುಡಗೋಲನ್ನು ಒಡ್ಡಿನ ಕೆಳಗೆ ಇಟ್ಟು, ಮೇಲೆ ಬಂದು, ನಮ್ಮಿಂದ ಸ್ವಲ್ಪ ದೂರದಲ್ಲಿ ಕೂತ. ಅವಳು ಹುಣಸೆಬೀಜದ ಡಬ್ಬಿಯನ್ನು ಅವನ ಕಡೆ ದೂಡಿ, ನೂರು ಹಕ್ಕಿಗೊಂದು ಬೀಜ ಹೇಗೆ ತೆಗೆದಿಡಬೇಕು ಎಂದು ಹೇಳತೊಡಗಿದಳು.